ಈಸೂರು ತಪ್ಪಿಸುವ ದಾರಿ

ಶಕುಂತಲಾ,

ನೀನು ಹಾಲು ತರಲಿಕ್ಕೆ ಹೋದಾಗ ಈಸೂರಿನಿಂದ ನಿಮ್ಮಕ್ಕನ ಫೋನ್ ಬಂದಿತ್ತು. ಭಾನುವಾರ ಹೋಳಿಗೆಗೆ ಎಷ್ಟು ಸೇರು ಬೇಳೆ ಹಾಕಲಿ ಅಂತ ಕೇಳಿದ್ರು.

ವರ್ಷಕ್ಕೊಮ್ಮೆ ಒಟ್ಟಿಗೆ ಸವಾರಿ ಹೋಗೋ ನಾವು ಐದು ಕಾರಿನವರೂ ಹದಿನೈದು ದಿನ ತಲೆ ಕೆಡಿಸ್ಕೊಂಡು ಈಸೂರು ತಪ್ಪಿಸಿ ಕುಪ್ಪಗಡ್ಡೆಗೆ ಹೋಗೋ ದಾರಿ ಹುಡುಕಿದ್ದು ನಿನಗೆ ಗೊತ್ತೇ ಇದೆ. ಹೋದ ವರ್ಷ ಕುಪ್ಪಗಡ್ಡೆಗೆ ಅಂತ ಹೊರಟು ಅಕ್ಕನ ಮನೇಲಿ ಉಂಡು, ಅಲ್ಲೇ ಮಲಗಿ, ಅಲ್ಲಿಂದಲೇ ವಾಪಸ್ ಬಂದ್ವಲ್ಲ! ನಾವು ಹೊರಡೋದು ಅಕ್ಕನಿಗೆ ಗೊತ್ತಂತೆ ಅಂತ ನಿನ್ನೆ ಕಿವಿಗೆ ಬಿದ್ದಾಗ, ಸುದ್ದಿ ಮುಟ್ಟಿಸಿದ್ದು ನೀನೇ ಅಂತ ನಿನ್ನ ಮೇಲೆ ರೇಗಿದ್ದೂ ಅದಕ್ಕೇ.

ಹೇಳಿದ್ದು ನೀನಲ್ಲವಂತೆ. ಹೋದ ವರ್ಷ ಎಲೆಅಡಿಕೆ ಹಾಕ್ಕೊಂಡು, 'ಬರೋ ವರ್ಷನೂ ಯುಗಾದಿ ಕಳೆದ ಮೊದಲ ಭಾನುವಾರ ಬರ್ತೀವ್ರೀ ಅಕ್ಕಾ' ಅಂತ ನಾನೇ ಹೇಳಿ ಬಂದಿದ್ದೆನಂತೆ. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.

ಇಪ್ಪತ್ತು ಜನ ಅಂದುಬಿಟ್ಟೆ.

ಫಿಯೆಟ್ಟಿಗೆ ಆಯಿಲ್ ಹಾಕಿಸಿ, ಉಳಿದವರಿಗೂ ಹೇಳಿ ಬರ್ತೀನಿ. ಸ್ಟೆಪ್ನಿ ಪಡಸಾಲೇಲಿ ಇಟ್ಟಿದ್ದೀನಿ, ಎಡವಬೇಡ. ಬೆಣ್ಣೆ ಕಾಯಿಸಿಡು, ಅಕ್ಕನಿಗೆ ತುಪ್ಪ ಒಯ್ಯೋಣ. ಇನ್ನಾದರೂ ಮಾತಾಡು ಮಾರಾಯ್ತಿ.

ಭಾನುವಾರ ಮುಂದಿನ ಸೀಟು ನಿಂದು. ದಾರಿ ಹೇಳಲಿಕ್ಕೆ ಅಂತ ಅಲ್ಲಿ ಕೂರಬೇಕಿದ್ದ ಗಫಾರ್ ಹಿಂದೆ ಕೂರ್ತಾನೆ. ಈಸೂರಿಗೆ ದಾರಿ ಹೇಳೋರು ಬೇಡ, ಗಾಡಿಗೇ ಗೊತ್ತು.