ಹೊದಿಕೆಯ ಮೇಲೆ ಬಿಚ್ಚಿಟ್ಟ ಗೇರ್‌ಬಾಕ್ಸ್

ಜೂನ್ ೧೪

ದೊಡ್ಡವಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೊಳ್ಳುವ ಹಕ್ಕು ನಿನಗಿದೆ, ಆದರೆ ಈ ಪತ್ರ ಓದಿ ಮುಗಿಸುವಷ್ಟರಲ್ಲಿ ಅದನ್ನು ಬಿಡಬೇಕು. ಫೋನಿನಲ್ಲಿ ಹೇಳೋಣವೆಂದರೆ ನಾನು ಫೋನ್ ಹಿಡಿದ ಕೂಡಲೇ ನಿನ್ನ ಅಪ್ಪ ಪಕ್ಕದ ಕುರ್ಚಿಗೆ ಬಂದು ಕೂರುತ್ತಾರೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಅದರ ಬಗ್ಗೆ ಸಲಹೆ ಬೇಡ. ನೀನು ನರ್ಸಾದರೂ ನಾನು ನಿನ್ನ ರೋಗಿಯಲ್ಲ.

ಕಾರಿನ ಗೇರ್‌ಬಾಕ್ಸನ್ನು ಮನೆಯಲ್ಲೇ ಬಿಚ್ಚಲು ಅಪ್ಪನಿಗೆ ಯಾಕೆ ಬಿಟ್ಟೆ ಎಂದು ಕೇಳಿದ್ದೀಯ. ಬಿಟ್ಟದ್ದು ನಾನೇ. ಈ ಮನೆಯ ಗೋಡೆಗೆ ನನ್ನನ್ನು ಕೇಳದೆ ಒಂದು ಮೊಳೆ ಕೂಡ ಹೊಡೆಯುವುದಿಲ್ಲ, ಗೇರ್‌ಬಾಕ್ಸ್ ಬಿಚ್ಚುತ್ತಾರೆಯೇ?

ಏರು ಹತ್ತುವಾಗ ಮೂರನೇ ಗೇರು ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ನಿನ್ನ ತಮ್ಮ, "ಗ್ಯಾರೇಜಿಗೆ ಕೊಡಿ ಅಪ್ಪ. ಇದೇನು ಪಂಚರ್ರಾ, ಮನೇಲೇ ಹಾಕ್ಕೊಳ್ಳೋಕೆ?" ಎಂದ.

"ಬಸ್ ಡಿಪೋದಲ್ಲಿ ಇಷ್ಟು ವರ್ಷ ನಾನೇನು ಟಿಕೆಟ್ ಹರೀತಿದ್ನಾ?" ಎಂದರು ನಿನ್ನ ಅಪ್ಪ.

ಬೀದಿಯ ಕೊನೆಯಲ್ಲಿ ಷೆಡ್ ಇಟ್ಟಿರುವ ಉದ್ದಣ್ಣನನ್ನು ಕರೆಸಿದೆವು. ನಿನ್ನ ಅಪ್ಪನ ಕೈಕೆಳಗೇ ಕೆಲಸ ಕಲಿತವನು ತಾನೇ. ಟಾರ್ಚ್ ಹಿಡಿದು ಕಾರಿನಡಿ ಮಲಗಿದ. ಅವನ ಕಾಲು ಗೇಟಿನಿಂದ ಆಚೆ ಹೋಗಿತ್ತು. ಎದ್ದು ಬಂದು, "ಗುರುಗಳೇ, ಬಿಚ್ಚೋದು ಬಿಡಿ, ಬೇಗ ಆಗುತ್ತೆ. ಸೇರಿಸೋವಾಗ ಒಂದು ಉಂಗುರ ತಿರುವುಮುರುವಾದ್ರೂ ಮತ್ತೆ ಮೊದಲಿಂದ ಬಿಚ್ಚಬೇಕು. ನನ್ನ ಷೆಡ್ಡಲ್ಲಿ ಲಿಫ್ಟಿದೆ, ಪ್ರೆಸ್ಸಿದೆ. ಅಲ್ಲೇ ಮಾಡೋಣ" ಎಂದ.

ಅದಕ್ಕೆ ನಿನ್ನ ಅಪ್ಪ, "ನನ್ನ ಕೈಲಿ ಆಗದಿದ್ರೆ ಟೂಲ್ ಪೆಟ್ಟಿಗೆ ನಿಂಗೇ ಕೊಟ್ಟುಬಿಡ್ತೀನಿ ಕಣೋ. ಮತ್ತೆ ಸ್ಪ್ಯಾನರ್ ಮುಟ್ಟಲ್ಲ" ಎಂದುಬಿಟ್ಟರು.

ಆ ಪೆಟ್ಟಿಗೆಯಿಂದ ಒಂದು ಸ್ಕ್ರೂಡ್ರೈವರನ್ನು ನಿನ್ನ ತಮ್ಮನಿಗೂ ಎರವಲು ಕೊಟ್ಟವರಲ್ಲ. ಅದಿಲ್ಲದ ನಿನ್ನ ಅಪ್ಪನನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ. "ಮನೇಲೇ ಆಗ್ಲಿ" ಎಂದೆ. ಉದ್ದಣ್ಣ ತನ್ನ ಜಾಕು ತಂದು ಗೇರ್‌ಬಾಕ್ಸ್ ಇಳಿಸಿಕೊಟ್ಟು ಹೋದ.

ಇನ್ನು ನನ್ನ ವಿಷಯ. ಆ ಕಾರಿನಲ್ಲಿ ಇಷ್ಟು ಕಾಲ ಕೂತಿದ್ದೇನೆ, ಅವರು ಆ ಕೋಲನ್ನು ಹಿಂದೆ ಮುಂದೆ ಮಾಡಿದಾಗ ಕೆಳಗೆ ಏನಾಗುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ನನ್ನದೇ ಹೆಚ್ಚು ಅಂಕ, ಆ ಮಾನವಾದರೂ ಉಳಿಯಬೇಡವೇ? ಸ್ಟೂಲು ಹಾಕಿಕೊಂಡು ಕೂತೆ. ಗೇರು ಬದಲಿಸಿದಾಗ ಹಲ್ಲಿನ ಚಕ್ರಗಳೇ ಸರಿದು ಒಂದನ್ನೊಂದು ಹಿಡಿಯುತ್ತವೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಅವು ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ, ಆದರೆ ದಂಡದ ಮೇಲೆ ಸಡಿಲವಾಗಿ. ನಡುವೆ ಬಳೆಯಂಥದೊಂದು ಸರಿದು, ಬೇಕಾದ ಚಕ್ರವನ್ನು ಮಾತ್ರ ದಂಡಕ್ಕೆ ಬಿಗಿಯುತ್ತದೆ. ಅದಕ್ಕೂ ಮುಂಚೆ ಒಂದು ಹಿತ್ತಾಳೆ ಉಂಗುರ ಉಜ್ಜಿಕೊಂಡು ಎರಡರ ವೇಗವನ್ನೂ ಸಮ ಮಾಡುತ್ತದೆ.

"ವೇಗ ಒಂದಾಗೋವರೆಗೂ ಇದು ಒಳಗೆ ಬಿಡಲ್ಲ" ಎಂದರು.

"ಹಾಗಾದ್ರೆ ನಿಮ್ಮಮ್ಮನ ಥರ" ಎಂದೆ. ನಗುತ್ತಾ ಸ್ಪ್ಯಾನರ್ ಕೆಳಗಿಟ್ಟರು. ನಮ್ಮ ಬಳೆಯ ಒಳಹಲ್ಲುಗಳು ಸವೆದು ಗುಂಡಗಾಗಿದ್ದವು, ಅದಕ್ಕೇ ಹಿಡಿತ ಜಾರುತ್ತಿತ್ತು. ಬೆರಳಲ್ಲಿ ಮುಟ್ಟಿಸಿ ತೋರಿಸಿದರು. ಇದನ್ನೆಲ್ಲ ನನಗೆ ಮದುವೆಯಾದ ಹೊಸದರಲ್ಲೇ ಯಾಕೆ ಹೇಳಲಿಲ್ಲವೋ.

ಅವರ ಪದ್ಧತಿ ನಿನಗೆ ನೆನಪಿರಬೇಕು. ಹಳೇ ಬಿಳಿ ಹೊದಿಕೆ ಹಾಸಿ, ಭಾಗಗಳನ್ನು ಹೊರಬಂದ ಸಾಲಿನಲ್ಲೇ, ಬಂದ ಮುಖದಲ್ಲೇ ಇಡುವುದು. ಕೊನೆಯಿಂದ ಹಿಂದಕ್ಕೆ ಬಂದರೆ ತಾನಾಗಿ ಸೇರಿಕೊಳ್ಳಬೇಕು. ಅಲ್ಲಿ ಯಾರೂ ಗುಡಿಸುವಂತಿಲ್ಲ, ನಾನೂ.

ಮಾರನೆಯ ಬೆಳಿಗ್ಗೆ ಆ ಸಾಲು ಇರಲಿಲ್ಲ. ನಿನ್ನ ತಮ್ಮ ನಿನಗೆ ಹೇಳಿಯೇ ಇರುತ್ತಾನೆ, ಅಮ್ಮ ಎಲ್ಲವನ್ನೂ ಒರೆಸಿ ದೊಡ್ಡದರಿಂದ ಚಿಕ್ಕದಕ್ಕೆ ಪಾತ್ರೆಗಳ ಹಾಗೆ ಜೋಡಿಸಿಟ್ಟಳು ಎಂದು. ಇಲ್ಲಿ ಎಲ್ಲರಿಗೂ ಗೊತ್ತಿರುವುದು ಹಾಗೆಯೇ. ಅವನು, "ಡಬ್ಬಕ್ಕೆ ಹಾಕಿ ಸಕ್ಕರೆ, ಉಪ್ಪು ಅಂತ ಚೀಟಿ ಅಂಟಿಸಿಲ್ವಾ ಅಮ್ಮ?" ಎಂದ. ಉದ್ದಣ್ಣ, "ಬೇರಿಂಗಿಗೆ ಸೋಪು ಹಾಕಿಲ್ಲ ತಾನೇ?" ಎಂದು ಕೇಳಿದ. "ತಪ್ಪಾಯ್ತು" ಎಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ನಿನ್ನ ತಮ್ಮನಿಗೆ ನಗು ನಿಂತುಹೋಯಿತು.

ಕೆಡಿಸಿದವಳೇ ಸರಿಮಾಡಬೇಕೆಂದು ಹಟ ಹಿಡಿದು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಬಿಚ್ಚುವಾಗ ಕಣ್ಣು ಕೀಳದೆ ನೋಡಿದ್ದೆನಲ್ಲ, ನೆನಪು ಮಾಡಿಕೊಂಡು ಒಂದೊಂದಾಗಿ ಎತ್ತಿ ಕೊಟ್ಟೆ. ಎರಡು ಕಡೆ ನಾನು ತಪ್ಪಿದೆ. ಅವರು ಉಂಗುರವನ್ನು ಬೆರಳಲ್ಲಿ ತಿರುಗಿಸಿ, "ಇದಲ್ಲ, ಅದರ ಅಣ್ಣ ಕೊಡು" ಎಂದರು. ಹೊಸ ಬಳೆ ತರಿಸಿದೆವು. ಬೇರಿಂಗನ್ನು ಮಾತ್ರ ಉದ್ದಣ್ಣನ ಪ್ರೆಸ್ಸಿನಲ್ಲೇ ಒತ್ತಿಸಬೇಕಾಯಿತು. ಅಷ್ಟರ ಮಟ್ಟಿಗೆ ನಿನ್ನ ತಮ್ಮನ ಮಾತೂ ಸರಿ.

ಮುಚ್ಚುವ ಮುಂಚೆ ಉದ್ದಣ್ಣ ಬಂದು ಒಂದೊಂದೇ ಗೇರು ಹಾಕಿ, ದಂಡ ತಿರುಗಿಸಿ ನೋಡಿದ. ಆಮೇಲೆ ಟೂಲ್ ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ನಿನ್ನ ಅಪ್ಪನ ಕಡೆಗೆ ತಳ್ಳಿ, "ಇದು ನಮ್ಮ ಷೆಡ್ಡಲ್ಲಿ ಹಿಡಿಯಲ್ಲ ಗುರುಗಳೇ" ಎಂದ. ಭಾನುವಾರ ನೀರಿನ ಟ್ಯಾಂಕಿನ ಏರನ್ನು ಹತ್ತಿದೆವು. ಮೂರನೇ ಗೇರು ಮೇಲಿನವರೆಗೂ ನಿಂತಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಕ್ಕಳಿಗೆ ನನ್ನ ಆಶೀರ್ವಾದ, ಅಳಿಯಂದಿರಿಗೂ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಸಾಲನ್ನು ಮುಟ್ಟಿದ್ದು ನಾನಲ್ಲ. ಬೆಳಿಗ್ಗೆ ಕಬ್ಬಿಣದ ಸದ್ದು ಕೇಳಿ ಹೋದರೆ ನಿನ್ನ ಅಪ್ಪನೇ ಕೂತು ಒರೆಸಿ ಒರೆಸಿ ಜೋಡಿಸುತ್ತಿದ್ದರು. "ಯಾರೋ ಎಲ್ಲ ಚೆಲ್ಲಾಪಿಲ್ಲಿ ಮಾಡಿಟ್ಟಿದ್ರು ಕಣೇ" ಎಂದರು, ಬಹಳ ಸಂತೋಷವಾಗಿ. ಕಾಫಿ ಕುಡಿದು ಮತ್ತೆ ಅಲ್ಲಿಗೆ ಹೋದವರು ಬಿಳಿಚಿಕೊಂಡು ಬಂದರು. "ನನ್ನ ಸಾಲು ಯಾರೇ ಮುಟ್ಟಿದ್ದು?" ಎಂದು ಕೇಳಿದರು. ನಾನೇ ಎಂದೆ. ಇಂಥದ್ದು ಇದೇ ಮೊದಲಲ್ಲ. ಷೆಡ್ಡಿನಲ್ಲಾಗಿದ್ದರೆ ಹಾಗೆನ್ನಲು ನಾನು ಅಲ್ಲಿರುತ್ತಿರಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

ಸಾಲು ತನ್ನದೆಂದು ತಿಳಿಯದವರ ಬೆರಳಿಗೆ ಉಂಗುರದ ಮುಖ ಹೇಗೆ ತಿಳಿಯುತ್ತದೆ? ನಿಮ್ಮ ಆಸ್ಪತ್ರೆಯ ಡಾಕ್ಟರನ್ನು ಕೇಳಿ ಬರೆ. ಯಾರ ವಿಷಯವೆಂದು ಹೇಳಬೇಡ. ರಜೆ ಸಿಕ್ಕಿದ ಕೂಡಲೇ ಬಾ. ನನ್ನ ಮೇಲಿನ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ, ಅದೊಂದು ಅವರಿಗೆ ಚೆನ್ನಾಗಿ ನೆನಪಿದೆ. ಬಂದವಳು ಅವರ ಎದುರಿಗೇ ನನ್ನನ್ನು ಬಯ್ಯಬೇಕು. ಜೋರಾಗಿ ಬಯ್ಯಿ.