ಎಳೀಲಾರದ ಬಿಟ್ಟ ವಯರ್

ಸಿದ್ದಪ್ಪ ಕಾಕಾರಿಗೆ,

ಹೆಂಗದೀರಿ ಅಂತ ಕೇಳೂದು ನನ್ನ ಬಾಯಿಗೆ ಒಪ್ಪಂಗಿಲ್ಲ. ನೀವು ಹೋಗಿ ವರ್ಷ ಆಗಾಕ ಬಂತು. ಬದುಕಿದ್ದಾಗ ನಿಮ್ಮೆದುರು ನಿಂತು ಹೇಳಾಕ ಧೈರ್ಯ ಇರಲಿಲ್ಲ ಅಂತ ಬರದ್ರ ಅದೂ ಸುಳ್ಳು. ಹೇಳೂ ಮನಸ್ಸ ಇರಲಿಲ್ಲ. ಇದನ್ನ ಮೊದಲ ಬರದು ಮುಂದ ಹೋಗ್ತೇನಿ.

ಬಾಗೇವಾಡಿ ಡಾಕ್ಟರು ಆ ಕೆಂಪು ಗಾಡಿ ತಂದ ದಿನ ನೆನಪೈತೇನ್ರಿ? ಇಪ್ಪತ್ತು ವರ್ಷದ ಹಳೇ ಟರ್ಬೊ ಗಾಡಿ. ಸಿಂದಗಿಯೊಳಗ ಅಂಥಾ ಎಂಜಿನ್ ಬಿಚ್ಚಿ ಜೋಡಿಸೋರು ನೀವೊಬ್ಬರ ಅಂತ ಕೇಳಿ ಬಂದಿದ್ರು. ಯಾರದೋ ಮಾತು ಕೇಳಿ ಎಂಜಿನ್ನಿಗೆ ಗಾಳಿ ತುರುಕೂ ಟರ್ಬೊದ ಒತ್ತಡ ಏರಿಸಿಕೊಂಡಿದ್ರು, ಜೋರು ಒತ್ತಿದ್ರ ಗಾಡಿ ಮುಗ್ಗರಿಸ್ತಿತ್ತು. ನೀವು ಉದ್ದನ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿಕಿ ಕಿವಿಗೆ ಹಚ್ಚಿ ಕಣ್ಮುಚ್ಚಿ ಕೇಳಿದ್ರಿ. "ಸಾಹೇಬ್ರ, ಗಾಳಿ ಹೆಚ್ಚಿಗಿ ಕೊಟ್ಟೀರಿ, ಪೆಟ್ರೋಲ್ ಇದ್ದಷ್ಟ ಇಟ್ಟೀರಿ. ಇದು ಹಸಿದು ಓಡಾಕತ್ತೈತಿ. ಹಿಂಗ ಬಿಟ್ರ ಪಿಸ್ಟನ್ ಸುಡ್ತೈತಿ" ಅಂದ್ರಿ. ಪುಣೆದಿಂದ ಪೆಟ್ರೋಲ್ ಎತ್ತಿಕೊಡೂ ದೊಡ್ಡ ಪಂಪ್ ಬಂತು, ಅದನ್ನ ಎಂಜಿನ್ನಿಗೆ ಚಿಮ್ಮೂ ದೊಡ್ಡ ಇಂಜೆಕ್ಟರ್ ಬಂದ್ವು. ಗಾಡಿ ಕಂಪ್ಯೂಟರನೂ ಅಲ್ಲಿಗೇ ಕಳಿಸಿ ಹೊಸಾ ಇಂಜೆಕ್ಟರಿಗೆ ಹೊಂದಿಸಿ ತರಿಸಿದ್ರಿ. ಅರವತ್ತರ ಮ್ಯಾಲ ಹೊಸಾ ವಿದ್ಯಾ ಕಲ್ತೇನಿ ಅಂತ ಎಷ್ಟು ಖುಷಿಲೆ ಇದ್ರಿ ನೀವು...

ಅದ ವಾರ ಮೋರಟಗಿಯಿಂದ ಇಬ್ಬರು ಹಿರ್ಯಾರು ಗ್ಯಾರೇಜಿಗೆ ಬಂದಿದ್ರು. ನನಗ ನೋಡಿದ್ದ ಹುಡುಗಿ ತಂದಿ, ಆಕಿ ಸ್ವಾದರಮಾವ. ನನಗ ಮೂವತ್ತೆರಡು ಆಗಿತ್ತು, ಎರಡು ಸಂಬಂಧ ಆಗ್ಲೇ ಮುರದಿದ್ವು. ಹುಡುಗ ಹೆಂಗದಾನ ಅಂತ ನಿಮ್ಮನ್ನ ಕೇಳಿದ್ರು. ನೀವು ಪಂಪಿನ ಕೆಲಸದಾಗ ಮುಳುಗಿದ್ರಿ, ತಲಿ ಸುದ್ದಾ ಎತ್ತಲಿಲ್ಲ. "ಈ ಕತ್ತೆನಾ? ಹತ್ತು ವರ್ಷ ನನ್ನ ಕೈಯಾಗ ಐತಿ, ಇನ್ನಾ ಪಾನಾ ಯಾವ ಕಡೆ ಹಿಡೀಬೇಕು ಗೊತ್ತಿಲ್ಲ. ನಾ ಸತ್ರ ಇಂವಾ ಪಂಚರ್ ಹಾಕ್ಕೋತ ಕುಂದರ್ತಾನ" ಅಂದು ನಕ್ರಿ. ಅವರೂ ನಕ್ರು. ಚಾ ಅರ್ಧಾ ಕುಡದು ಇಟ್ಟು ಎದ್ದು ಹೋದ್ರು. ಮತ್ತ ಅವರ ಕಡಿಂದ ಸುದ್ದಿ ಬರಲಿಲ್ಲ. ನಿಮಗದು ಚಾಷ್ಟಿ. ನನಗ?

ಅದ ಮಧ್ಯಾಹ್ನ ನೀವು ನನ್ನ ಕರದು ಹೇಳಿದ ಮಾತು ಒಂದಕ್ಷರ ಮರ್ತಿಲ್ಲ. "ಬಸ್ಯಾ, ಈ ದೊಡ್ಡ ಪಂಪಿಗೆ ಹಳೇ ಸಣ್ಣ ವಯರ್ ಸಾಲಂಗಿಲ್ಲ. ಬ್ಯಾಟರಿಯಿಂದ ಹಿಂದಿನ ಸೀಟಿನ ಬುಡಕ ಹಾಯಿಸಿ, ಪಂಪ್ ಇರೂ ಡಿಕ್ಕಿ ತನಕ ದಪ್ಪ ವಯರ್ ಹೊಸಾದು ಎಳಿ. ಇಲ್ಲಂದ್ರ ಜೋರು ಹೋದಾಗ ಕರೆಂಟ್ ಸಾಲದ ಪಂಪ್ ಸೋಲ್ತೈತಿ, ಎಂಜಿನ್ನಿಗೆ ಪೆಟ್ರೋಲ್ ಕಡಿಮಿ ಬೀಳ್ತೈತಿ." ಹೇಳಿ ಊಟಕ್ಕ ಹೋದ್ರಿ. ನಾ ವಯರಿನ ಸುರಳಿ ಕೈಯಾಗ ಹಿಡದು ಸ್ವಲ್ಪ ಹೊತ್ತು ನಿಂತಿದ್ನಿ. ಆಮ್ಯಾಲ ಅದನ್ನ ಕಪಾಟಿನ್ಯಾಗ ಇಟ್ಟು, ಹಳೇ ವಯರಿಗೇ ಪಂಪ್ ಜೋಡಿಸಿ, ಹಿಂದಿನ ಸೀಟು ಕುಂದರಿಸಿಬಿಟ್ನಿ. ನೀವು ಬಂದು ಕೇಳಿದಾಗ "ಎಳದೇನಿ ಕಾಕಾ" ಅಂದ್ನಿ.

ಸೋಮಾರಿತನ ಅಲ್ರಿ, ಮರವೂ ಅಲ್ಲ. ಬೇಕಂತ ಮಾಡಿದ್ನಿ. ಗಾಡಿ ಡಾಕ್ಟರ ಮುಂದ ಒಮ್ಮಿ ಮುಗ್ಗರಿಸಲಿ, ನಿಮ್ಮ ಮಾರಿ ಹೆಂಗಾಗ್ತೈತಿ ನೋಡೂಣು ಅನ್ನೂದು ನನ್ನ ಆಸೆ. ನೀವು ಸೀಟು ಎತ್ತಿ ನೋಡಿದ್ರ ಅಲ್ಲೇ ಸಿಕ್ಕಿಬೀಳ್ತಿದ್ನಿ. ನೀವು ನೋಡಲಿಲ್ಲ. ಹತ್ತು ವರ್ಷದಾಗ ನಾ ಮಾಡಿದ ಕೆಲಸ ಒಮ್ಮಿನೂ ತಿರುಗಿ ನೋಡಿದವರಲ್ಲ ನೀವು. ಬಾಯಿಲೆ ಕತ್ತೆ ಅಂತಿದ್ರಿ, ಆದ್ರ ನೋಡ್ತಿರಲಿಲ್ಲ. ಅದರ ಅರ್ಥ ಏನಂತ ಅವತ್ತರ ನನಗ ಹೊಳೀಬಾರದಿತ್ತೇನು...

ಗಾಡಿ ಗ್ಯಾರೇಜಿನ್ಯಾಗ ನಿಂತಲ್ಲೇ ಚಲೋ ಓಡ್ತು. ಯಂಕಂಚಿ ತನಕ ನೀವ ಸಾವಕಾಶ ಹೋಗಿ ಬಂದ್ರಿ, ಏನೂ ಆಗಲಿಲ್ಲ. ಒಂದು ವಾರ ಡಾಕ್ಟರೂ ಸಾವಕಾಶ ಓಡಿಸಿದ್ರು. ಎಂಟನೇ ದಿನ ಹೂವಿನ ಹಿಪ್ಪರಗಿ ರಸ್ತೇದಾಗ ಪೂರಾ ಒತ್ತಿದ್ರಂತ. ಹೊಗಿ ಎದ್ದು ನಿಂತ ಗಾಡೀನ ಟೆಂಪೋದ ಹಿಂದ ಕಟ್ಟಿ ತಂದ್ರು. ನೀವು ಸಾಮಾನು ತರಾಕ ಮುದ್ದೇಬಿಹಾಳಕ್ಕ ಹೋಗಿದ್ರಿ. ಡಾಕ್ಟರು ಸಂಜಿಕ ಬರ್ತೇನಿ ಅಂತ ಹೋದ ಮ್ಯಾಲ ನಾ ಏನು ಮಾಡಿದ್ನಿ ಗೊತ್ತೇನ್ರಿ? ಕಪಾಟಿನಿಂದ ಅದ ಸುರಳಿ ತಗದು, ಬ್ಯಾಟರಿಯಿಂದ ಡಿಕ್ಕಿ ತನಕ ದಪ್ಪ ವಯರ್ ಎಳದ್ನಿ. ಹೊಸಾದು ಕಾಣಬಾರದಂತ ಮ್ಯಾಲ ಧೂಳ ಹಚ್ಚಿದ್ನಿ. ಅಷ್ಟು ಅಚ್ಚುಕಟ್ಟಾಗಿ ನಾ ಯಾವ ಕೆಲಸಾನೂ ಮಾಡಿಲ್ಲ.

ಸಂಜಿಕ ನೀವು ಎಂಜಿನ್ನಿನ ಹೆಡ್ ಬಿಚ್ಚಿದ್ರಿ. ಮೂರನೇ ಪಿಸ್ಟನ್ ಮೇಣದಂಗ ಕರಗಿ ನಡಬರಕ ತೂತು ಬಿದ್ದಿತ್ತು. ವಯರ್ ನೋಡಿದ್ರಿ, ಬರೋಬರಿ. ಪಂಪ್, ಇಂಜೆಕ್ಟರ್, ಎಲ್ಲಾ ಬರೋಬರಿ. ಡಾಕ್ಟರು ಹತ್ತು ಮಂದಿ ಮುಂದ ಒದರಾಡಿದ್ರು: "ವಯಸ್ಸಾದ ಮ್ಯಾಲ ಗೊತ್ತಿಲ್ಲದ ಕೆಲಸಕ್ಕ ಯಾಕ ಕೈ ಹಾಕ್ತೀರಿ? ಈ ನಿಮ್ಮ ಬಸವರಾಜ ಏನರ ತಪ್ಪು ಮಾಡ್ಯಾನೇನು?" ನೀವು ಆ ಪಿಸ್ಟನ್ ಅಂಗೈಯಾಗ ಹಿಡಕೊಂಡು ಅಂದ್ರಿ, "ಹುಡುಗಂದೇನಿಲ್ರಿ ಸಾಹೇಬ್ರ. ಪೆಟ್ರೋಲ್ ಎಷ್ಟು ಬೇಕು ಅನ್ನೂ ಲೆಕ್ಕ ನಂದು. ತಪ್ಪು ನಂದ." ಆಗರ ಬಾಯಿ ಬಿಡಬೇಕಿತ್ತಲ್ಲ ನಾನು? ಬಿಡಲಿಲ್ಲ. ನಿಮ್ಮ ಮಾರಿ ನೋಡಾಕತ್ತಿದ್ನಿ.

ಅವತ್ತಿಂದ ನೀವು ನನ್ನ ಬಸ್ಯಾ ಅನ್ನೂದು ಬಿಟ್ರಿ. "ಬಸವರಾಜ, ಈ ಬೋಲ್ಟ್ ಬಿಗಿ ಐತೇನು ನೋಡಪಾ" ಅನ್ನಾಕ ಸುರು ಮಾಡಿದ್ರಿ. ಮಾಮೂಲಿ ಗಾಡಿ ಬಂದ್ರೂ ನನ್ನ ಕೇಳಿ ಕೈ ಹಚ್ತಿದ್ರಿ. ನನಗ ಅದರ ರುಚಿ ಹತ್ತಿತು ಕಾಕಾ. ಒಂದಿನ ಇಂಡಿಯಿಂದ ಒಂದು ಗಾಡಿ ಬಂದಿತ್ತು. ಎಂಜಿನ್ ಗಡಿಯಾರದಂಗ ಓಡಾಕತ್ತಿತ್ತು, ಯಾವ ದೋಷಾನೂ ಇರಲಿಲ್ಲ. ನಾ ಸುಮ್ಮನ, "ಏನೋ ಟಕ್ ಟಕ್ ಅನ್ನಾಕತ್ತೈತಿ, ನಿಮಗ ಕೇಳಲಿಲ್ಲೇನ್ರಿ?" ಅಂದ್ನಿ. ನೀವು ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಭಾಳ ಹೊತ್ತು ಬಗ್ಗಿ ನಿಂತ್ರಿ. ನೆತ್ತಿ ಮ್ಯಾಲ ಬೆವರು. ಆಮ್ಯಾಲ ನನ್ನ ಮಾರಿ ನೋಡಿ, "ಹೌದು... ಐತಿ. ಸಣ್ಣಗ ಐತಿ" ಅಂದ್ರಿ.

ಇರಲಾರದ ಸದ್ದು ಕೇಳಿಸಿಕೊಂಡ್ರಲ್ರಿ ಕಾಕಾ! ನಲವತ್ತು ವರ್ಷ ಕೇಳಿದ ಕಿವಿ ಅದು. ಮರುದಿನ ನೀವು ಗ್ಯಾರೇಜಿನ ಕೀಲಿ ನನ್ನ ಕೈಯಾಗ ಇಟ್ಟು ಮನಿಗೆ ಹೋದ್ರಿ. ಮತ್ತ ಬರಲಿಲ್ಲ.

ನಿಮ್ಮ ಕಡೀ ದಿನದಾಗ ನೋಡಾಕ ಬಂದಿದ್ನಿ. ಗ್ವಾಡಿಗೆ ಆನಕೊಂಡು ಕುಂತಿದ್ರಿ, ಗಂಜಿ ಮುಂದ ಹಂಗ ಆರಿ ಇತ್ತು. "ಬಸವರಾಜ, ಆ ಕೆಂಪು ಗಾಡ್ಯಾಗ ಎಲ್ಲಿ ತಪ್ಪಿರಬೇಕು ನಾನು?" ಅಂತ ಕೇಳಿದ್ರಿ. ಒಂದು ಮಾತು ಸಾಕಿತ್ತು. ನಾ ಅಂದ್ನಿ, "ಇಂಜೆಕ್ಟರ್ ಸಣ್ಣೂ ಆಗಿದ್ವು ಕಾಕಾ. ಆಗ ನಾ ಹೇಳಬೇಕಂತ ಮಾಡಿದ್ನಿ, ನೀವು ಬೈತೀರಂತ ಸುಮ್ಮನಾದ್ನಿ." ನೀವು ತಲಿ ಅಲ್ಲಾಡಿಸಿದ್ರಿ. "ಬೈತಿದ್ನಿ ಬಿಡು, ಖರೆ" ಅಂದ್ರಿ. ನಾಕು ದಿನಕ್ಕ ಹೋಗಿಬಿಟ್ರಿ.

ನೀವು ಹೋದ ಆರು ತಿಂಗಳಿಗೆ ಡಾಕ್ಟರು ಅವತ್ತಿಂದ ನಿಂತ ಇದ್ದ ಆ ಗಾಡಿ ತಿರುಗಿ ತಂದ್ರು. ಹೊಸಾ ಪಿಸ್ಟನ್ ಹಾಕಿದ್ನಿ. ನಾ ಕದ್ದು ಎಳದ ದಪ್ಪ ವಯರ್ ಅಲ್ಲೇ ಇತ್ತು, ಬ್ಯಾರೆ ಏನೂ ಬದಲಿ ಮಾಡಲಿಲ್ಲ. ನಿಮ್ಮ ಪಂಪ್, ನಿಮ್ಮ ಇಂಜೆಕ್ಟರ್, ನಿಮ್ಮ ಲೆಕ್ಕ. ಅದ ಹಿಪ್ಪರಗಿ ರಸ್ತೇದಾಗ ಡಾಕ್ಟರನ್ನ ಬಾಜೂಕ ಕುಂದರಿಸಿಕೊಂಡು ಪೂರಾ ಒತ್ತಿದ್ನಿ. ಎಲ್ಲೂ ಮುಗ್ಗರಿಸಲಿಲ್ಲ. "ಗುರುವಿಗೆ ಬಗಿಹರೀಲಾರದ್ದನ್ನ ನೀ ಬಗಿಹರಿಸಿದೆಲ್ಲೋ!" ಅಂತ ಬೆನ್ನು ತಟ್ಟಿದ್ರು. ಆ ಕೈ ಬೆನ್ನ ಮ್ಯಾಲ ಬಿದ್ದಾಗ ಗಾಡಿ ನಿಲ್ಲಿಸಿ ಎಲ್ಲಾ ಹೇಳಿಬಿಟ್ನಿ. ಬೈತಾರ, ಹೊಡೀತಾರ ಅನ್ಕೊಂಡಿದ್ನಿ. ಅವರು, "ಹೋಗ್ಲಿ ಬಿಡೋ, ಮುದುಕ ಹೆಂಗೂ ಹೋದ. ಈಗ ಗಾಡಿ ಚಲೋ ಐತಲ್ಲ" ಅಂದ್ರು. ಆಮ್ಯಾಲ ಹಾಡು ಹಚ್ಚಿದ್ರು.

ಮೊನ್ನೆ ನೀಲವ್ವ ಕಾಕು ವರ್ಷದ ಪೂಜಿ ವಿಚಾರ ಮಾತಾಡಾಕ ನಿಮ್ಮ ಮನಿಗೆ ಕರದಿದ್ಲು. ಚಾ ಕೊಟ್ಟು ಕೇಳಿದ್ಲು, "ಜೀವ ಹೋಗೂ ತನಕ ಎಲ್ಲಿ ತಪ್ಪಿದ್ನಿ, ಎಲ್ಲಿ ತಪ್ಪಿದ್ನಿ ಅಂತಿದ್ರೋ. ನಿನ್ನ ಮುಂದ ಏನರ ಅಂದಿದ್ರೇನು?" ಹೇಳಿದ್ನಿ. ಮೋರಟಗಿಯವರಿಂದ ಹಿಡದು ಆ ಟಕ್ ಟಕ್ ತನಕ, ಒಂದೂ ಬಿಡಲಿಲ್ಲ. ಆಕಿ ಅಳಲಿಲ್ಲ.

"ವಯರ್ ಎಳಿಯೂದು ಎಷ್ಟೊತ್ತಿನ ಕೆಲಸ?" ಅಂದ್ಲು.

"ಎರಡು ತಾಸು, ಕಾಕು."

"ಎರಡು ತಾಸು," ಅಂದ್ಲು. "ತಮ್ಮ ಲೆಕ್ಕ ತಪ್ಪಿದ ಕೊರಗಿನ್ಯಾಗ ಹೋದ್ರು ಅಂತ ಮನಸ್ಸಿಗೆ ಸಮಾಧಾನ ತಂದುಕೊಂಡಿದ್ನಿ. ಇವತ್ತ ನೀ ಅದನ್ನೂ ಕಸಕೊಂಡಿ. ಇದನ್ನ ನನ್ನ ಮುಂದ ಹೇಳಿ ನೀ ಹಗುರಾದಿ. ನಾ ಯಾರ ಮುಂದ ಹೇಳಲಿ?"

ಎದ್ದು ಚಪ್ಪಲಿ ಮೆಟ್ಟಿದಾಗ ಬಾಗಲಕ್ಕ ಬಂದು ಇನ್ನೊಂದು ಮಾತು ಅಂದ್ಲು.

ಬರೂ ಸೋಮವಾರ ನಿಮ್ಮ ಪೂಜಿ ಐತ್ರಿ ಕಾಕಾ. ನಿಮ್ಮ ಕೈಯಾಗ ಕಲ್ತವರು ಇಂಡಿ, ಮುದ್ದೇಬಿಹಾಳದಿಂದ ಬರ್ತಾರ. ಬಸವರಾಜ ಎಲ್ಲಿ ಅಂತ ಎಲ್ಲಾರೂ ಕೇಳ್ತಾರ, ಕಾಕು ಏನು ಹೇಳ್ತಾಳೋ ಗೊತ್ತಿಲ್ಲ. ಬಾಗಲದಾಗ ಆಕಿ ಕೇಳಿದಂಗ, ನಿಮ್ಮನ್ನ ಮಣ್ಣ ಮಾಡಿದ ಗದ್ದಿಗಿ ಕಡೆ ಹಾಯಂಗಿಲ್ಲ ಅಂತ ಮಾತು ಕೊಟ್ಟೇನಿ. ಈ ವರ್ಷ ಅಷ್ಟ ಅಲ್ಲ, ಎಂದೂ. ಇದೊಂದು ಮಾತು ಉಳಿಸಿಕೊಳ್ತೇನಿ.

ಬಸವರಾಜ