ಕನ್ನಡಕದ ಅಂಗಡಿಗೆ ಬಂದ ನನ್ನ ಮುಖ

ಗುರುವಾರ, ಊಟದ ಬಿಡುವು

ನನ್ನ ಮುದ್ದು ಅಮ್ಮಾ,

ಸೋಮವಾರ ನೀನು ನನ್ನನ್ನು ಮನೆಗೆ ಎಳೆದುಕೊಂಡು ಹೋಗಲು ಬರುತ್ತೀಯಂತೆ, ಅಕ್ಕ ಹೇಳಿದಳು. ಫೋನಿನಲ್ಲಿ ವಾದ ಮಾಡಿದರೆ ನೀನು ಅಳುತ್ತೀಯ, ನಾನು ಕೂಗಾಡುತ್ತೇನೆ. ಅದಕ್ಕೇ ಈ ಕಾಗದ.

ಮೊದಲು ಕೆಟ್ಟ ಸುದ್ದಿ. ಡ್ರಾಯರ್ ಎಳೆಯುವಾಗ ಎಡಗೈ ಕಿರುಬೆರಳು ಮುರಿದುಕೊಂಡೆ. ಕಟ್ಟು ಹಾಕಿಸಿಕೊಂಡಿದ್ದೇನೆ. ಅಮ್ಮಂಗೆ ಹೇಳ್ಬೇಡ ಕಣೇ, ಬಸ್ಸಿಗೂ ಕಾಯದೆ ಓಡಿ ಬರ್ತಾಳೆ ಅಂದಳು ಅಕ್ಕ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೆ ಗೊತ್ತಲ್ಲ.

ಈಗ ಒಳ್ಳೆಯದು. ಮೊನ್ನೆ ಅಂಗಡಿಗೆ ಒಬ್ಬ ಹೆಂಗಸು ಊರುಗೋಲು ಹಿಡಿದು ಬಂದರು. ನಮ್ಮ ಮಾಲೀಕರು ದಡಬಡ ಎದ್ದು, ಬನ್ನಿ ಅಮ್ಮ, ಕೂತ್ಕೊಳ್ಳಿ, ನಿಮ್ಮ ಮಗಳು ಕೆಲಸದಲ್ಲಿ ಚುರುಕು, ಬಾಯಿ ಮಾತ್ರ ಸ್ವಲ್ಪ ಜೋರು ಅಂದರು. ನಾನು ತಲೆಯೆತ್ತಿದೆ. ಅಮ್ಮಾ, ಅಲ್ಲಿ ನನ್ನ ಮುಖ ನಿಂತಿತ್ತು! ಅದೇ ಅಗಲ ಹಣೆ, ಅದೇ ಚೂಪು ಗಲ್ಲ, ಮುಖವೆಲ್ಲ ತ್ರಿಕೋನ. ಕಣ್ಣಿನ ಬಿಳಿಭಾಗದಲ್ಲಿ ಅದೇ ತಿಳಿನೀಲಿ. ನಕ್ಕರೆ ಅದೇ ಕಂದು ಹಲ್ಲು. ದುಂಡುಮುಖದ ನಿಮ್ಮೆಲ್ಲರ ನಡುವೆ ನಾನು ಯಾರ ಹಾಗೂ ಇಲ್ಲದೆ ಬೆಳೆದವಳು. ಸಣ್ಣದಕ್ಕೂ ಮೂಳೆ ಮುರಿಯುವ ನನ್ನ ಈ ಹುಟ್ಟುಕಾಯಿಲೆ ಇರುವವರ ಮುಖಗಳಲ್ಲಿ ಹೋಲಿಕೆ ಇರಬಹುದೆಂದು ಡಾಕ್ಟರು ಹೇಳಿದ್ದರು. ಕಣ್ಣಾರೆ ನೋಡಿರಲಿಲ್ಲ.

ಇವರು ನಮ್ಮಮ್ಮ ಅಲ್ಲ ಸರ್ ಅಂದೆ. ಆ ಹೆಂಗಸು ಕಿವಿಯ ಯಂತ್ರ ಸರಿಮಾಡಿಕೊಂಡು, ಯಾಕಮ್ಮಾ, ನಾನು ಅಷ್ಟೊಂದು ಚೆನ್ನಾಗಿಲ್ವಾ ಅಂದರು. ಅಂಗಡಿಯೆಲ್ಲ ನಕ್ಕಿತು.

ಫ್ರೇಮನ್ನು ಅವರ ಮೂಗಿನ ಮೇಲೆ ಕೂರಿಸುತ್ತಾ, ಮೂಳೆ ಎಷ್ಟು ಸಲ ಮುರಿದಿದೆ ಅಂತ ಮೆಲ್ಲಗೆ ಕೇಳಿದೆ. ಅದನ್ನೇ ಲೆಕ್ಕ ಹಾಕ್ತಾ ಕೂತಿದ್ರೆ ಹೊಲಿಗೆ ಕಲಿಸೋಕೆ ಟೈಮೆಲ್ಲಿ ಸಿಗ್ತಿತ್ತು ಅಂದರು. ಅವರಿಗೆ ಅರವತ್ತು ದಾಟಿದೆಯಂತೆ.

ಅರವತ್ತು, ಅಮ್ಮಾ. ನಾನು ಮುದುಕಿಯಾದಾಗ ಎಂದು ತಮಾಷೆ ಶುರು ಮಾಡಿದಾಗಲೆಲ್ಲ ನೀನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅಷ್ಟು ವರ್ಷ ನಾನು ಬದುಕುವುದಿಲ್ಲವೇನೋ ಎಂಬ ಭಯ ನಿನ್ನ ಹಾಗೆ ನನಗೂ ಇತ್ತು. ಈಗ ನನ್ನ ಬಿಳಿಕೂದಲನ್ನು ನಾನೇ ನೋಡಿ ಬಂದ ಹಾಗಾಗಿದೆ. ಆ ಮುಖಕ್ಕೆ ಚೆನ್ನಾಗಿ ಒಪ್ಪುತ್ತದೆ.

ಒಂದು ಕಡೆ ಕೂರಲಾರದೆ ಸ್ಕೂಲು ಬಿಟ್ಟವಳು ನಾನು. ಈ ಅಂಗಡಿಯ ಸ್ಟೂಲಿನ ಮೇಲೆ ಮಾತ್ರ ಸಂಜೆಯಾದದ್ದೇ ತಿಳಿಯುವುದಿಲ್ಲ. ಮನೆಯಲ್ಲಿದ್ದರೂ ನಾನು ಮುರಿಯುತ್ತೇನೆ ಅಮ್ಮಾ, ಇಲ್ಲಿದ್ದರೂ ಮುರಿಯುತ್ತೇನೆ. ಇಲ್ಲೇ ಇರಲು ಬಿಡು. ಸೋಮವಾರ ಖಂಡಿತ ಬಾ, ನನ್ನ ಬಟ್ಟೆ ತುಂಬಲು ಚೀಲ ಮಾತ್ರ ತರಬೇಡ.

ನಿನ್ನ ಮೊಂಡಿ

ತಾ.ಕ.: ಅವರ ಕನ್ನಡಕದ ಒಂದು ಸ್ಕ್ರೂ ಬೇಕೆಂದೇ ಸಡಿಲ ಬಿಟ್ಟೆ. ಸೋಮವಾರ ಬನ್ನಿ, ಬಿಗಿ ಮಾಡಿಕೊಡ್ತೀನಿ ಅಂದಿದ್ದೇನೆ. ಬಂದ ಕೂಡಲೇ ನಿಜ ಹೇಳಿ ಬೈಸಿಕೊಳ್ಳುತ್ತೇನೆ. ಏನು ಮಾಡಲಿ, ಮುದುಕಿಯಾದ ನನ್ನನ್ನು ನೀನೂ ಒಂದು ಸಲ ನೋಡಬೇಕಲ್ಲ.